ಮೂವರಿಗೆ ಒಂದೇ ಕುರ್ಚಿ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ಐಸಿಪಿಸಿ ಪ್ರೋಗ್ರಾಮಿಂಗ್ ಸ್ಪರ್ಧೆಯ ಟೀಮಿಗೆ ಆಯ್ಕೆಯಾದೆ ಅನ್ನುವ ಸುದ್ದಿ ಒಂದು ಸಾಲು, ಅದರ ಬೆನ್ನಿಗೇ ಹನ್ನೆರಡು ಸಾಲು ಗೋಳು. ಉಳಿದ ಇಬ್ಬರೂ ನಿನಗಿಂತ ಫಾಸ್ಟ್, ನೀನು ಪ್ರಶ್ನೆ ಓದಿ ಮುಗಿಸುವುದರೊಳಗೆ ಅವರು ಅರ್ಧ ಕೋಡ್ ಬರೆದಿರುತ್ತಾರೆ, ನೀನು ಲೆಕ್ಕ ತುಂಬಿಸಲು ಇರುವ ಮೂರನೆಯವಳು ಅಂತ. ಕೊನೆಗೆ "ಯಾವ್ಯಾವ ಅಲ್ಗಾರಿದಮ್ ಓದಲಿ, ಒಂದು ಪಟ್ಟಿ ಕಳಿಸಿ ಅತ್ತೆ" ಅಂತ ಬೇರೆ.

ಪಟ್ಟಿ ಕಳಿಸುವುದಿಲ್ಲ. ಸೆಗ್ಮೆಂಟ್ ಟ್ರೀ, ಫ್ಲೋ, ಡಿಪಿ, ಸ್ಟ್ರಿಂಗು ಅಂತ ಪ್ರಾಬ್ಲಂ ಬಿಡಿಸುವ ವಿಧಾನಗಳ ಪಟ್ಟಿಗಳು ಎಲ್ಲೆಲ್ಲೂ ಬಿದ್ದಿವೆ, ಯಾವುದನ್ನು ಹಿಡಿದರೂ ನಡೆಯುತ್ತದೆ. ನಾನು ಹೇಳಬೇಕು ಅಂತಿರುವುದು ಕೀಬೋರ್ಡಿನ ಮುಂದಿರುವ ಕುರ್ಚಿಯ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಕೂತು ಓದು.

ನಿನ್ನ ಅಮ್ಮನೂ ಇದನ್ನು ಇಣುಕಿ ನೋಡುತ್ತಾರೆ ಅಂತ ನನಗೆ ಗೊತ್ತು. ಹಾಗಾಗಿ ನಿನಗೆ ಗೊತ್ತಿರುವ ನಾಲ್ಕು ಮಾತನ್ನೂ ಸೇರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅತ್ತಿಗೆ, ಇದು ಕಾಲೇಜು ಮಕ್ಕಳ ಪ್ರೋಗ್ರಾಮಿಂಗ್ ಸ್ಪರ್ಧೆ. 1970ರಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಸಣ್ಣದಾಗಿ ಶುರುವಾಯಿತು, 1977ರಲ್ಲಿ ಮೊದಲ ಫೈನಲ್ಸ್ ನಡೆಯಿತು, ಈಗ 100ಕ್ಕೂ ಜಾಸ್ತಿ ದೇಶಗಳಿಂದ ವರ್ಷಕ್ಕೆ ಹತ್ತಾರು ಸಾವಿರ ಮಕ್ಕಳು ಬರುತ್ತಾರೆ. ಮೊದಲು ರೀಜನಲ್ ಅಂತ ಪ್ರಾದೇಶಿಕ ಸುತ್ತು, ಅಲ್ಲಿ ಮೇಲೆ ಬಂದವರಿಗೆ ವರ್ಲ್ಡ್ ಫೈನಲ್ಸ್. ಟೀಮಿಗೆ ಮೂವರು. ಐದು ಗಂಟೆ ಹೊತ್ತು, ಹತ್ತು ಹನ್ನೆರಡು ಪ್ರಾಬ್ಲಂ. ಜಾಸ್ತಿ ಬಿಡಿಸಿದವರು ಮೇಲೆ. ಒಂದು ಪ್ರಾಬ್ಲಂ ಸರಿಯಾದರೆ ಅದಕ್ಕೆ ಗೊತ್ತು ಮಾಡಿದ ಬಣ್ಣದ ಬಲೂನು ತಂದು ಮೇಜಿಗೆ ಕಟ್ಟುತ್ತಾರೆ. ಹೌದು ಅತ್ತಿಗೆ, ಇಷ್ಟು ದೊಡ್ಡ ಮಕ್ಕಳಿಗೂ ಬಲೂನೇ. ಪಕ್ಕದ ಮೇಜಿಗೆ ನಾಲ್ಕನೆಯ ಬಲೂನು ಬಂದಾಗ ನಮ್ಮ ಹೊಟ್ಟೆಯಲ್ಲಿ ಆಗುವ ಸಂಕಟ ಇದೆಯಲ್ಲ, ಅದು ಯಾವ ಪರೀಕ್ಷೆಯಲ್ಲೂ ಆಗುವುದಿಲ್ಲ.

ಸರಿ, ಈಗ ನಿನಗೆ. ಇಷ್ಟೆಲ್ಲ ಇದ್ದೂ ಕಂಪ್ಯೂಟರ್ ಮಾತ್ರ ಒಂದೇ. ಮೂರು ತಲೆ, ಒಂದು ಕೀಬೋರ್ಡ್. ಜನ ಇದನ್ನು ಏನೋ ಸಣ್ಣ ನಿಯಮ ಅಂದುಕೊಳ್ಳುತ್ತಾರೆ, ನನ್ನ ಪ್ರಕಾರ ಇಡೀ ಸ್ಪರ್ಧೆ ನಿಂತಿರುವುದೇ ಇದರ ಮೇಲೆ. ಲೆಕ್ಕ ಹಾಕಿ ನೋಡು. ನಿಮಗೆ ಯೋಚನೆ ಮಾಡುವುದಕ್ಕೆ ಮೂವರದೂ ಸೇರಿ ಹದಿನೈದು ಗಂಟೆ ಇದೆ, ಟೈಪ್ ಮಾಡುವುದಕ್ಕೆ ಐದೇ ಗಂಟೆ. ಅಂದಮೇಲೆ ಆ ಕುರ್ಚಿಯಲ್ಲಿ ಕೂತು ಯೋಚನೆ ಮಾಡುವವರು ಟೀಮಿನ ಗಂಟನ್ನು ಕರಗಿಸುತ್ತಿದ್ದಾರೆ ಅಂತಲೇ ಅರ್ಥ. ಯೋಚನೆ ಬೇರೆ ಕಡೆ ಮಾಡಬಹುದು. ಟೈಪಿಂಗು ಅಲ್ಲಿ ಮಾತ್ರ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡ ಮೇಲೆ. ನಮ್ಮ ಟೀಮಿನಲ್ಲಿ ಫಾಸ್ಟ್ ಅನ್ನಿಸಿಕೊಂಡವಳು ನಾನೇ. ಜಂಬವೂ ಇತ್ತು ಅಂತಿಟ್ಟುಕೋ. ಮೊದಲ ಒಂದು ಗಂಟೆಯಲ್ಲಿ ಎರಡು ಬಲೂನು ಬಂತು. ಮೂರನೆಯ ಪ್ರಾಬ್ಲಂ ನೋಡಿದರೆ ನೀರು ಕುಡಿದಷ್ಟು ಸುಲಭ ಅನ್ನಿಸಿತು: ಒಂದು ಲಕ್ಷ ಸಂಖ್ಯೆಗಳು, ಪ್ರತಿಯೊಂದೂ ಒಂದು ಲಕ್ಷದವರೆಗೆ ಇರಬಹುದು, ಅವನ್ನು ಒಂದು ರೀತಿಯಲ್ಲಿ ಆರಿಸಿ ಕೂಡಿಸಬೇಕು, ಅಷ್ಟೇ. ಇಪ್ಪತ್ತು ನಿಮಿಷಕ್ಕೆ ಬರೆದು, ಪರೀಕ್ಷಿಸುವ ಜಡ್ಜ್‌ಗೆ ಕಳಿಸಿದೆ. ರಾಂಗ್ ಆನ್ಸರ್. ಲೂಪು, ಅಂದರೆ ಒಂದೇ ಕೆಲಸ ಮತ್ತೆಮತ್ತೆ ಮಾಡಿಸುವ ಭಾಗ, ಒಂದು ಹೆಜ್ಜೆ ಕಡಿಮೆ ಓಡುತ್ತಿದೆಯೇನೋ ಅಂತ ಬದಲಾಯಿಸಿ ಕಳಿಸಿದೆ. ರಾಂಗ್ ಆನ್ಸರ್. ಪ್ರಶ್ನೆಯ ಜೊತೆ ಕೊಟ್ಟಿದ್ದ ಉದಾಹರಣೆಗೆ ಮಾತ್ರ ಪ್ರತಿ ಸಲವೂ ಸರಿ ಉತ್ತರ ಬರುತ್ತಿತ್ತು, ಯಾಕೆಂದರೆ ಅದರಲ್ಲಿ ಇದ್ದದ್ದು ಐದೇ ಐದು ಸಣ್ಣ ಸಂಖ್ಯೆ.

ಪಕ್ಕದಲ್ಲಿ ಕೂತಿದ್ದ ಗೆಳತಿ ತನ್ನ ಪ್ರಾಬ್ಲಂ ಪೂರ್ತಿ ಕಾಗದದ ಮೇಲೆ ಬರೆದುಕೊಂಡು ಕಾಯುತ್ತಿದ್ದಳು. "ನನ್ನದು ರೆಡಿ ಇದೆ, ಹತ್ತು ನಿಮಿಷ ಬಿಟ್ಟುಕೊಡ್ತೀಯಾ" ಅಂದಳು. "ಎರಡೇ ನಿಮಿಷ" ಅಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು, ಮತ್ತೆ ಎರಡೇ ನಿಮಿಷ ಅಂದೆ. ಮೂರನೆಯ ಸಲ ಕೇಳಲಿಲ್ಲ. ಆ ಕಾಗದವನ್ನು ಮಡಿಸುವುದು ಬಿಡಿಸುವುದು, ಮಡಿಸುವುದು ಬಿಡಿಸುವುದು. ಇವತ್ತಿಗೂ ಆ ಸದ್ದು ನನಗೆ ನೆನಪಿದೆ, ಕೋಡು ಮರೆತುಹೋಗಿದೆ. ನನ್ನ ಎರಡು ನಿಮಿಷ ಒಂದೂಮುಕ್ಕಾಲು ಗಂಟೆ ಆಯಿತು. ಆರು ಸಲ ತಪ್ಪು ಉತ್ತರ ಕಳಿಸಿದ್ದೆ.

ಕೊನೆಗೆ ಬಾತ್‌ರೂಮಿಗೆ ಅಂತ ಎದ್ದೆ, ಅದೂ ತಡೆಯಲಾರದೆ. ವಾಪಸ್ ಬರುವಷ್ಟರಲ್ಲಿ ಅವಳು ಕೂತು ಅರ್ಧ ಟೈಪ್ ಮಾಡಿಯಾಗಿತ್ತು, ಇನ್ನೊಂದಷ್ಟು ಹೊತ್ತಿಗೆ ಮೊದಲ ಸಬ್‌ಮಿಟ್‌ಗೇ ಬಲೂನು ಬಂತು. ಟೀಮಿನ ಮೂರನೆಯವನು, ಯಾವಾಗಲೂ ನಿಧಾನ ಅಂತ ನಾವು ರೇಗಿಸುತ್ತಿದ್ದವನು, ನನ್ನ ಕೋಡಿನ ಪ್ರಿಂಟು ತರಿಸಿಕೊಂಡು ಪೆನ್ಸಿಲ್ ಹಿಡಿದು ಮೇಲಿನಿಂದ ಓದಿದ. ಒಂದು ಪದಕ್ಕೆ ಸುತ್ತು ಹಾಕಿ ನನ್ನ ಮುಂದಿಟ್ಟ. ಇಂಟ್. ಒಂದು ಲಕ್ಷ ಸಂಖ್ಯೆಗಳು, ತಲಾ ಒಂದು ಲಕ್ಷ ಅಂದರೆ ಮೊತ್ತ 1,000 ಕೋಟಿಯವರೆಗೆ ಹೋಗಬಹುದು. ಇಂಟ್ ಅನ್ನುವುದು ಸಂಖ್ಯೆ ಇಡುವ ಸಣ್ಣ ಡಬ್ಬಿ, ಅದರಲ್ಲಿ ಹಿಡಿಸುವುದು 2147483647, ಅಂದರೆ ಹೆಚ್ಚುಕಮ್ಮಿ 214 ಕೋಟಿ. ಅದರಾಚೆ ಹೋದರೆ ಸಂಖ್ಯೆ ತಿರುಗಿ ಮೈನಸ್ಸಿಗೆ ಬೀಳುತ್ತದೆ. ಇಂಟ್ ಇದ್ದಲ್ಲಿ ಲಾಂಗ್ ಲಾಂಗ್ ಅಂತ ದೊಡ್ಡ ಡಬ್ಬಿಯ ಹೆಸರು ಬರೆದಿದ್ದರೆ ಮುಗಿಯುತ್ತಿತ್ತು! ಅವನಿಗೆ ಬೇಕಾದದ್ದು ಐದು ನಿಮಿಷ, ಅದೂ ಕೀಬೋರ್ಡ್ ಮುಟ್ಟದೆ. ಆ ದಿನ ಆಟ ಮುಗಿದಾಗ ಅವನ ಕೈಯಲ್ಲಿ ಇನ್ನೊಂದು ಪ್ರಾಬ್ಲಂ ಕಾಗದದ ಮೇಲೆ ಪೂರ್ತಿ ಬರೆದದ್ದು ಹಾಗೇ ಉಳಿದಿತ್ತು. ಟೈಪ್ ಮಾಡಲು ಹೊತ್ತು ಸಾಲಲಿಲ್ಲ. ಅವನು ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಅದಕ್ಕೇ ನಿನ್ನ ಟೀಮಿನ ಫಾಸ್ಟ್ ಹುಡುಗರಿಬ್ಬರಿಗೆ ಈ ಕಥೆ ಹೇಳು. ನಿನಗೆ ಹೇಳುವುದು ಬೇರೆ ಇದೆ: ನೀನು ಆ ಮೂರನೆಯವನಾಗು. ನಿನ್ನ ಮೆಸೇಜು ಓದಿದಾಗ ನನಗೆ ಅನ್ನಿಸಿದ್ದು, ನಿನಗೆ ಅವನ ಗುಣ ಇದೆ ಅಂತ. ಚಿಕ್ಕವಳಿದ್ದಾಗ ಕಥೆ ಹೇಳುವವರನ್ನು ನಡುವೆ ನಿಲ್ಲಿಸಿ, "ರಾಜ ಸತ್ತುಹೋಗಿದ್ದ ಅಂದ್ರಿ, ಈಗ ಹೇಗೆ ಬಂದ" ಅಂತ ಕೇಳುತ್ತಿದ್ದವಳು ನೀನು. ಎಲ್ಲರಿಗೂ ರೇಗುತ್ತಿತ್ತು. ಈಗ ಅದು ಬೇಕು.

ಹೇಗೆ ಅಂದರೆ, ಯಾರಾದರೂ "ಹೊಳೆಯಿತು" ಅಂತ ಕೀಬೋರ್ಡಿಗೆ ಕೈ ಹಾಕಿದ ಕೂಡಲೇ ತಡೆದು, ನನಗೆ ಒಂದು ಸಲ ಹೇಳು ಅನ್ನು. ಎರಡು ನಿಮಿಷ ಸಾಕು. ಅವರು ಹೇಳುತ್ತಿರುವಾಗ ನೀನು ಪ್ರಶ್ನೆಯ ಕೊನೆಯಲ್ಲಿರುವ ಮಿತಿಗಳನ್ನು ನೋಡುತ್ತಿರು. ಎನ್, ಅಂದರೆ ಕೊಟ್ಟಿರುವ ಸಂಖ್ಯೆಗಳ ಎಣಿಕೆ, ಒಂದು ಲಕ್ಷ ಅಂತಿದೆ, ಇವರು ಎರಡು ಲೂಪು ಒಂದರೊಳಗೊಂದು ಇಟ್ಟಿದ್ದಾರೆ ಅಂದರೆ 1,000 ಕೋಟಿ ಹೆಜ್ಜೆ ಆಯಿತು. ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಹೆಜ್ಜೆ ಅಂತ ಹಿಡಿದರೂ ನೂರು ಸೆಕೆಂಡು ಬೇಕು, ಕೊಟ್ಟಿರುವುದು ಎರಡೋ ಮೂರೋ ಸೆಕೆಂಡು. ಟೈಮ್ ಲಿಮಿಟ್ ಮೀರುವುದು ಕಟ್ಟಿಟ್ಟ ಬುತ್ತಿ. ಅದೇ ಕೆಲಸ ಸಾರ್ಟ್ ಮಾಡಿ, ಅಂದರೆ ಕ್ರಮವಾಗಿ ಜೋಡಿಸಿ, ಆಗುವುದಾದರೆ ಲಕ್ಷದ ಹದಿನೇಳು ಪಟ್ಟು, ಹದಿನೇಳು ಲಕ್ಷ ಹೆಜ್ಜೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇದನ್ನು ಕೋಡ್ ಬರೆದ ಮೇಲೆ ಕಂಡುಹಿಡಿದರೆ ನಲವತ್ತು ನಿಮಿಷ ಹೋಯಿತು, ಮೊದಲೇ ಬಾಯಲ್ಲಿ ಲೆಕ್ಕ ಹಾಕಿದರೆ ಅರ್ಧ ನಿಮಿಷ. ಆಮೇಲೆ ಕೇಳು: ಎನ್ ಒಂದೇ ಆದರೆ? ಎಲ್ಲ ಸಂಖ್ಯೆಯೂ ಒಂದೇ ಆದರೆ? ಮೊತ್ತ ಎಷ್ಟು ದೊಡ್ಡದಾಗಬಹುದು? ಅವರು ಮೊದಮೊದಲು ಸಿಡುಕುತ್ತಾರೆ. ಒಂದು ಸಲ ನಿನ್ನ ಪ್ರಶ್ನೆಯಿಂದ ಒಂದು ರಾಂಗ್ ಆನ್ಸರ್ ತಪ್ಪಿದರೆ, ಆಮೇಲೆ ತಾವಾಗಿಯೇ ನಿನ್ನ ಕಡೆ ತಿರುಗುತ್ತಾರೆ ನೋಡು.

ರಾಂಗ್ ಆನ್ಸರ್ ಬಂತು, ಮೂರು ನಿಮಿಷ ನೋಡಿದರೂ ಕಾರಣ ಕಾಣಲಿಲ್ಲ ಅಂದರೆ ಪ್ರಿಂಟ್ ಕೊಟ್ಟು ಎದ್ದುಬಿಡಬೇಕು. ಕೋಡಿನ ಪ್ರಿಂಟು ಮೇಜಿಗೇ ತಂದುಕೊಡುವ ವ್ಯವಸ್ಥೆ ಇದ್ದೇ ಇರುತ್ತದೆ. ಯಾರದೇ ಕೋಡಾಗಲಿ, ಎಷ್ಟೇ ಹತ್ತಿರ ಬಂದಿದ್ದೇವೆ ಅನ್ನಿಸಲಿ, ಈ ನಿಯಮವನ್ನು ಆಟಕ್ಕೆ ಮೊದಲೇ ಮೂವರೂ ಒಪ್ಪಿಕೊಂಡಿರಿ, ಯಾಕೆಂದರೆ ಆ ಬಿಸಿಯಲ್ಲಿ ಮಾತಿಗೆ ಬೆಲೆ ಇರುವುದಿಲ್ಲ. ಪರದೆಯ ಮೇಲಿನ ಕೋಡನ್ನು ಬರೆದವರು ಓದುವುದೇ ಇಲ್ಲ. ತಾವು ಏನು ಬರೆಯಬೇಕು ಅಂದುಕೊಂಡಿದ್ದರೋ ಅದನ್ನು ಓದುತ್ತಾರೆ. ಕಾಗದಕ್ಕೆ ಬಂದ ಮೇಲೆ, ಅದರಲ್ಲೂ ಬೇರೆಯವರ ಕೈಗೆ ಹೋದ ಮೇಲೆ, ಅದು ಇದ್ದ ಹಾಗೆ ಕಾಣುತ್ತದೆ.

ನಾವೇನೋ ಸಾಮಾನ್ಯರು, ದೊಡ್ಡವರಿಗೆ ಇದೆಲ್ಲ ಬೇಕಾ ಅಂತ ಕೇಳಬೇಡ. ಬೆಲಾರೂಸಿನ ಗೆನ್ನಾಡಿ ಕೊರೊಟ್ಕೆವಿಚ್, ನೀವೆಲ್ಲ ಟೂರಿಸ್ಟ್ ಅಂತ ಕರೆಯುವವನು, ಹೈಸ್ಕೂಲು ಮಕ್ಕಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಒಲಿಂಪಿಯಾಡಿನಲ್ಲಿ ಒಬ್ಬನೇ ಕೂತು ಆರು ಚಿನ್ನ ಗೆದ್ದ. ಅವನೂ ಇಲ್ಲಿಗೆ ಬಂದಾಗ ಸೇಂಟ್ ಪೀಟರ್ಸ್‌ಬರ್ಗಿನ ಐಟಿಎಂಒ ವಿಶ್ವವಿದ್ಯಾಲಯದ ಟೀಮಿನಲ್ಲಿ ಇಬ್ಬರ ಜೊತೆ ಒಂದು ಕಂಪ್ಯೂಟರ್ ಹಂಚಿಕೊಂಡೇ ಆಡಿದ. 2013ರಲ್ಲಿ ಗೆದ್ದರು, 2015ರಲ್ಲಿ ಮೊರಾಕೊದ ಮರ್ರಕೇಶಿನಲ್ಲಿ 13ಕ್ಕೆ 13 ಪ್ರಾಬ್ಲಂ ಬಿಡಿಸಿ ಗೆದ್ದರು. ಹದಿಮೂರು ಪ್ರಾಬ್ಲಂ ಐದು ಗಂಟೆಯೊಳಗೆ ಒಂದೇ ಕೀಬೋರ್ಡಿನಿಂದ ಹೊರಗೆ ಬರಬೇಕಾದರೆ ತಲಾ ಇಪ್ಪತ್ತಮೂರು ನಿಮಿಷ. ಯಾರಾದರೊಬ್ಬರು ಅದರ ಮುಂದೆ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೂತಿದ್ದರೆ ಅದು ಆಗುತ್ತಿತ್ತಾ?

ಪೆನಾಲ್ಟಿ ವಿಷಯ. ಸಮ ಬಂದಾಗ ಹೊತ್ತು ನೋಡುತ್ತಾರೆ, ಬಿಡಿಸಿದ ಪ್ರತಿ ಪ್ರಾಬ್ಲಂಗೆ ಆಟ ಶುರುವಾದಾಗಿನಿಂದ ಹಿಡಿದ ನಿಮಿಷ, ಜೊತೆಗೆ ಅದರಲ್ಲಿ ಕಳಿಸಿದ ಪ್ರತಿ ತಪ್ಪಿಗೆ 20 ನಿಮಿಷ. ಬಿಡಿಸದೆ ಬಿಟ್ಟ ಪ್ರಾಬ್ಲಂನ ತಪ್ಪುಗಳು ಲೆಕ್ಕಕ್ಕಿಲ್ಲ. ನನ್ನ ಆರು ತಪ್ಪಿಗೆ 120 ನಿಮಿಷ ಬಿತ್ತು, ನೆನಪಿಸಬೇಡ. ಇದರಲ್ಲಿ ಮಕ್ಕಳು ಗಮನಿಸದ ಒಂದು ಅಂಶ ಇದೆ. ಇಪ್ಪತ್ತು, ನಲವತ್ತು, ಅರವತ್ತು ನಿಮಿಷ ಹಿಡಿಯುವ ಮೂರು ಪ್ರಾಬ್ಲಂ ಇವೆ ಅಂದುಕೋ. ಸುಲಭದ್ದರಿಂದ ಹೋದರೆ 20, 60, 120ನೆಯ ನಿಮಿಷಕ್ಕೆ ಮುಗಿದು ಒಟ್ಟು 200. ಕಷ್ಟದ್ದರಿಂದ ಹೋದರೆ 60, 100, 120, ಒಟ್ಟು 280. ಕೆಲಸ ಅಷ್ಟೇ, ಎರಡು ಗಂಟೆಯೂ ಅಷ್ಟೇ, 80 ನಿಮಿಷ ಸುಮ್ನೆ ಹೋಯಿತು. ಕಾಗದದ ಮೇಲೆ ಎರಡು ಪ್ರಾಬ್ಲಂ ರೆಡಿ ಇದ್ದರೆ ಯಾವುದು ಚಿಕ್ಕದೋ ಅದು ಕುರ್ಚಿಗೆ ಹೋಗಲಿ, ಯಾರದು ಅಂತ ನೋಡಬೇಡಿ.

ಪ್ರಾಬ್ಲಂಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿರುವುದಿಲ್ಲ ಅಂತ ನಿನಗೆ ಗೊತ್ತಿದೆ. ಶುರುವಿನಲ್ಲಿ ಒಬ್ಬರು ಮೊದಲಿಂದ, ಒಬ್ಬರು ನಡುವಿನಿಂದ, ಒಬ್ಬರು ಕೊನೆಯಿಂದ ಓದಿ. ನಡುನಡುವೆ ಸ್ಕೋರ್‌ಬೋರ್ಡ್ ನೋಡುವ ಕೆಲಸವೂ ಕುರ್ಚಿಯಲ್ಲಿ ಇಲ್ಲದವರದೇ. ನೀವು ಮುಟ್ಟದ ಪ್ರಾಬ್ಲಂ ಒಂದನ್ನು ಹತ್ತು ಟೀಮು ಬಿಡಿಸಿದ್ದರೆ ಅದರಲ್ಲಿ ಏನೋ ಸುಲಭದ ದಾರಿ ಇದೆ ಅಂತ. ಕೊನೆಯ ಒಂದು ಗಂಟೆ ಬೋರ್ಡನ್ನು ಫ್ರೀಜ್ ಮಾಡುತ್ತಾರೆ, ಬೇರೆಯವರದು ಕಾಣುವುದಿಲ್ಲ. ನನಗೆ ಕೇಳಿದರೆ ಆ ಗಂಟೆಯೇ ನೆಮ್ಮದಿ.

ಅಭ್ಯಾಸ ಹೇಗೆ ಮಾಡುತ್ತಿದ್ದೀರಿ? ಮೂವರೂ ಅವರವರ ಲ್ಯಾಪ್‌ಟಾಪ್ ತೆರೆದು ಕೂತು ಆಮೇಲೆ ಎಷ್ಟಾಯಿತು ಅಂತ ಕೂಡಿಸುತ್ತಿದ್ದರೆ ಅದು ಅಭ್ಯಾಸವಲ್ಲ. ಹಳೆಯ ರೀಜನಲ್ ಒಂದರ ಪ್ರಾಬ್ಲಂ ಸೆಟ್ ಪ್ರಿಂಟ್ ತೆಗೆದು, ಒಂದೇ ಲ್ಯಾಪ್‌ಟಾಪ್ ಇಟ್ಟು, ಫೋನು ಇನ್ನೊಂದು ಕೋಣೆಯಲ್ಲಿಟ್ಟು ಪೂರ್ತಿ ಐದು ಗಂಟೆ ಕೂರಿ. ಮೂರನೆಯ ಗಂಟೆಯಲ್ಲಿ ಜಗಳ ಆಗುತ್ತದೆ. ಆಗಲಿ, ಅದಕ್ಕೇ ಅಭ್ಯಾಸ. ಯಾರ ತಪ್ಪು ಅನ್ನುವುದನ್ನು ಐದು ಗಂಟೆ ಮುಗಿದ ಮೇಲೆ ಮಾತಾಡಿ. ಬಿಡಿಸಲಾಗದೆ ಉಳಿದದ್ದರಲ್ಲಿ ಒಂದನ್ನಾದರೂ ಆ ವಾರದೊಳಗೆ ಕೂತು ಬಿಡಿಸಿ. ನೋಡಿ, ಅರ್ಥವಾಯಿತು ಅಂತ ತಲೆಯಾಡಿಸಿ ಮುಂದೆ ಹೋದದ್ದು ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ.

ಜೊತೆಗೆ ಒಯ್ಯುವ ಪುಟಗಳ ಬಗ್ಗೆಯೂ ಹೇಳಿಬಿಡುತ್ತೇನೆ. ವರ್ಲ್ಡ್ ಫೈನಲ್ಸ್‌ನಲ್ಲಿ ಟೀಮಿಗೆ 25 ಪುಟಗಳ ರೆಫರೆನ್ಸ್ ಬಿಡುತ್ತಾರೆ, ನಿಮ್ಮ ರೀಜನಲ್ಲಿನ ನಿಯಮ ಓದಿಕೊಳ್ಳಿ. ಅದರಲ್ಲಿ ನೀವೇ ಟೈಪ್ ಮಾಡಿ, ನೀವೇ ಒಂದು ಪ್ರಾಬ್ಲಂಗೆ ಬಳಸಿ ಸರಿ ಉತ್ತರ ಬಂದ ಕೋಡ್ ಮಾತ್ರ ಇರಲಿ. ಎಲ್ಲಿಂದಲೋ ಎತ್ತಿ ಅಂಟಿಸಿದ್ದು ಆ ದಿನ ಕೈಕೊಡುತ್ತದೆ, ಅದರ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಅಂತ ಹುಡುಕುವಷ್ಟರಲ್ಲಿ ಕಾಲು ಗಂಟೆ. ಈ ಪುಟಗಳ ಜವಾಬ್ದಾರಿ ನೀನು ತೆಗೆದುಕೋ. ಯಾವ ಪುಟದಲ್ಲಿ ಏನಿದೆ ಅಂತ ಬಾಯಿಪಾಠ ಇರುವವಳು ಟೀಮಿನಲ್ಲಿ ಒಬ್ಬಳು ಬೇಕು.

ಕೊನೆಯಲ್ಲಿ ಅಳುಕುತ್ತಾ ಕೇಳಿದ್ದೀಯಲ್ಲ, ಎಐ ಎಲ್ಲ ಬಿಡಿಸುವಾಗ ನಾವ್ಯಾಕೆ ಇದನ್ನು ಮಾಡಬೇಕು ಅಂತ. ಸುಳ್ಳು ಸಮಾಧಾನ ಹೇಳುವುದಿಲ್ಲ. 2025ರಲ್ಲಿ ಅಜರ್‌ಬೈಜಾನಿನ ಬಾಕುವಿನ ಫೈನಲ್ಸ್‌ನ 12 ಪ್ರಾಬ್ಲಂಗಳನ್ನೂ ಓಪನ್‌ಎಐನ ಮಾಡೆಲ್ಲುಗಳು ಬಿಡಿಸಿದವು, ಗೂಗಲ್ಲಿನ ಜೆಮಿನಿ 10 ಬಿಡಿಸಿತು. ಅವು ಸ್ಪರ್ಧೆಯ ಪಟ್ಟಿಯಲ್ಲಿ ಇರಲಿಲ್ಲ, ಬೇರೆಯಾಗಿ ನಡೆದದ್ದು. ಗೆದ್ದ ಸೇಂಟ್ ಪೀಟರ್ಸ್‌ಬರ್ಗ್ ಸ್ಟೇಟ್ ವಿಶ್ವವಿದ್ಯಾಲಯದ ಟೀಮು ಬಿಡಿಸಿದ್ದು 11. ಹಾಗಾಗಿ ಕೋಡ್ ಬರೆಯುವ ವೇಗ ಒಂದನ್ನೇ ನಂಬಿಕೊಂಡವರಿಗೆ ಮುಂದೆ ಕಷ್ಟ ಇದೆ, ಅದು ನಿಜ. ಆದರೆ ನನ್ನ ಕೆಲಸ ನೋಡು. ನಾನು ಈಗ ದಿನವಿಡೀ ಮಾಡುವುದು ಬೇರೆಯವರ ಕೋಡ್ ಓದುವುದು, ಅದರಲ್ಲಿ ಮುಕ್ಕಾಲು ಪಾಲು ಯಂತ್ರ ಬರೆದದ್ದು. ನೋಡಲು ಅಚ್ಚುಕಟ್ಟಾಗಿರುತ್ತದೆ, ಕೊಟ್ಟ ಉದಾಹರಣೆಗೆಲ್ಲ ಸರಿ ಉತ್ತರ ಬರುತ್ತದೆ. ಹೋದ ತಿಂಗಳು ಅಂಥದ್ದರಲ್ಲಿ ಒಂದು ಮೊತ್ತದ ಪಕ್ಕ ಇಂಟ್ ಕಂಡು ನಗು ಬಂತು. ಪೆನ್ಸಿಲ್ ತೆಗೆದು ಸುತ್ತು ಹಾಕಬೇಕು ಅನ್ನಿಸಿತು, ಪರದೆ ಆದ್ದರಿಂದ ಸುಮ್ಮನಾದೆ. ಆ ಹುಡುಗ ನನಗೆ ಕಲಿಸಿದ್ದು ಇಷ್ಟು ವರ್ಷದ ಮೇಲೂ ಸಂಬಳ ತರುತ್ತಿದೆ.

ಈ ಸಲ ಆಗದಿದ್ದರೆ ಏನು ಅನ್ನುವ ಭಯ ಬೇಡ, ಐದು ಸಲ ರೀಜನಲ್ ಆಡಬಹುದು, ನಿನ್ನದು ಇನ್ನೂ ಮೊದಲನೆಯದು. ಹಿಂದಿನ ರಾತ್ರಿ ಮಾತ್ರ ಹೊಸದೇನೂ ಓದಬೇಡ, ನಿದ್ದೆ ಮಾಡು.

ಶನಿವಾರ ಮೂವರೂ ಕೂತು ಒಂದು ಪೂರ್ತಿ ಸೆಟ್ ಆಡಿ ನನಗೆ ಫೋನ್ ಮಾಡು. ಎಷ್ಟು ಬಿಡಿಸಿದಿರಿ ಅಂತ ಕೇಳುವುದಿಲ್ಲ. ಐದು ಗಂಟೆಯಲ್ಲಿ ಕುರ್ಚಿ ಎಷ್ಟು ಸಲ ಕೈ ಬದಲಾಯಿತು ಅಂತ ಕೇಳುತ್ತೇನೆ, ಕಾಗದದ ಮೂಲೆಯಲ್ಲಿ ಗೀಟು ಹಾಕಿ ಎಣಿಸಿಟ್ಟಿರು.

ನಿನ್ನ
ಅತ್ತೆ